ಮಾದಾವರ ಮೆಟ್ರೋ ನಮ್ಮ ತುಮಕೂರಿನೋರಿಗೆ ನಿಜಕ್ಕೂ ಉಪಯೋಗಕ್ಕೆ ಬರ್ತಿದೆಯಾ?

ಬಟವಾಡಿ ಬಾಯ್
ದಿನಾ ಬೆಂಗಳೂರಿಗೆ ಹೋಗಿ ಬರೋರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ, ಅದಕ್ಕೇ ಕೇಳ್ತಿದೀನಿ. ನಾಗಸಂದ್ರದಿಂದ ಮಾದಾವರಕ್ಕೆ ಹಸಿರು ಮಾರ್ಗ ಶುರುವಾಗಿದ್ದು 2024ರ ನವೆಂಬರ್ 7ಕ್ಕೆ. ಆಗ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನು ಪೀಣ್ಯ ಜಾಮ್ ಚಿಂತೆ ಇಲ್ಲ, ಮಾದಾವರದಲ್ಲಿ ಬಸ್ಸಿಳಿದು ಮೆಟ್ರೋ ಹತ್ತಿದ್ರೆ ಆಯ್ತು.

ನನಗೆ ಈಗ ಜಯನಗರದ ಕಡೆ ಕೆಲಸ ಸಿಕ್ಕಿದೆ. ಸೌತ್ ಎಂಡ್ ಸರ್ಕಲ್ ಸ್ಟೇಷನ್‌ನಿಂದ ಆಫೀಸಿಗೆ ನಡೆದೇ ಹೋಗಬಹುದು. ಅದೂ ಹಸಿರು ಮಾರ್ಗವೇ, ಎಲ್ಲೂ ಬದಲಾಯಿಸೋ ಹಾಗಿಲ್ಲ. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ಆದ್ರೆ ನಾನು ಹತ್ತೋ ಬಸ್ಸು ಮಾದಾವರದಲ್ಲಿ ನಿಲ್ಲಲ್ಲ. ಕಂಡಕ್ಟರ್ ಕೇಳಿದ್ರೆ "ಸ್ಟಾಪ್ ಇಲ್ಲ, ಎಂಟನೇ ಮೈಲಿಗೆ ಇಳ್ಕೋ" ಅಂತಾರೆ. ಕಿಟಕಿಯಲ್ಲಿ ಸ್ಟೇಷನ್ ಕಾಣ್ತಾ ಇರ್ತದೆ, ಬಸ್ಸು ಮೇನ್ ರೋಡಲ್ಲಿ ಸರ್ ಅಂತ ಹೋಗಿಬಿಡ್ತದೆ. ನೀವೆಲ್ಲ ಹೆಂಗ್ ಮಾಡ್ತೀರಿ? ಬಸ್ಸಾ, ರೈಲಾ, ಬೈಕಾ? ಇಲ್ಲಾ ನಮ್ಮೂರ ಶಿರಾಗೇಟ್ ತನಕ ಮೆಟ್ರೋ ಬರುತ್ತೆ ಅಂತಾರಲ್ಲ, ಅದಕ್ಕೆ ಕಾಯೋದಾ?

ಗುಬ್ಬಿಗೇಟ್ ಗುರು
ಕಾಯಿ ಕಾಯಿ. ನಿನ್ನ ಮಗ ರಿಟೈರ್ ಆಗೋ ಹೊತ್ತಿಗೆ ಬರುತ್ತೆ.

ಸೀಸನ್ ಪಾಸ್
ತಮ್ಮಾ, ಮೆಟ್ರೋ ಮಾತು ಬಿಡು. ರೈಲ್ವೆ ಸ್ಟೇಷನ್ನಿಗೆ ಹೋಗಿ ತಿಂಗಳ ಪಾಸ್ ಮಾಡಿಸ್ಕೋ. ಯಶವಂತಪುರದಲ್ಲಿ ಇಳಿ, ತುಮಕೂರು ರಸ್ತೆ ಕಡೆಯಿಂದ ಹೊರಗೆ ಬಾ, ಮೆಟ್ರೋ ಅಲ್ಲೇ ಇದೆ. ಅದೂ ನಿನ್ನ ಹಸಿರು ಮಾರ್ಗವೇ. ಮಾದಾವರದಿಂದ ಯಶವಂತಪುರದ ತನಕ ಅಷ್ಟೂ ಸ್ಟೇಷನ್ನಿನ ದುಡ್ಡೂ ಉಳೀತು, ಹೊತ್ತೂ ಉಳೀತು. ರೈಲಿನ ತಿಂಗಳ ಪಾಸ್ ದುಡ್ಡಲ್ಲಿ ಮೆಟ್ರೋದಲ್ಲಿ ಒಂದು ವಾರ ಸಹ ಓಡಾಡಕ್ಕಾಗಲ್ಲ.

ತೊಂದರೆ ಏನಪ್ಪಾ ಅಂದ್ರೆ ಸೀಟು. ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯೋ ವಿದ್ಯೆ ಕಲೀಬೇಕು. ಒಂದು ಗುಂಪು ಸೇರ್ಕೊಂಡ್ರೆ ಅದೂ ಬೇಡ, ಅವರೇ ಜಾಗ ಇಟ್ಟಿರ್ತಾರೆ. ನಮ್ಮ ಬೋಗೀಲಿ ಬೆಳಗ್ಗೆ ವಿಷ್ಣು ಸಹಸ್ರನಾಮ, ಸಂಜೆ ಇಸ್ಪೀಟು. ಎರಡಕ್ಕೂ ಅದೇ ಜನ.

ಅಮಾನಿಕೆರೆ ವಾಕರ್
ಸೀಸನ್ ಪಾಸ್ ಸರ್, ಗುಂಪು ಕಟ್ಕೊಂಡು ಸೀಟು ಹಿಡಿಯೋದನ್ನ ಹೆಮ್ಮೆಯಿಂದ ಬೇರೆ ಹೇಳ್ತೀರಲ್ಲ. ಹಿಂದಿನಿಂದ ರೈಲಲ್ಲಿ ಬರೋ ವಯಸ್ಸಾದೋರು, ಮಕ್ಕಳನ್ನ ಎತ್ಕೊಂಡೋರು ನಿಂತಿರ್ತಾರೆ. ನಿಮ್ಮ ಟವೆಲ್ ಸೀಟಲ್ಲಿ ಕೂತಿರುತ್ತೆ.

ಸೀಸನ್ ಪಾಸ್
ವಯಸ್ಸಾದೋರಿಗೆ ಎದ್ದು ಕೊಡ್ತೀವಿ ಸ್ವಾಮಿ. ಬೇಕಾದ್ರೆ ಒಂದಿನ ಬಂದು ನೋಡಿ.

ಹಳಿ ಹುಚ್ಚ
ವಿಷಯಕ್ಕೆ ಬರೋಣ. ಬಟವಾಡಿ ಬಾಯ್ ಕೇಳಿದ್ದರಲ್ಲಿ ಎರಡು ಪ್ರಶ್ನೆ ಇವೆ. ಈಗ ಹೆಂಗೆ ಹೋಗೋದು ಅನ್ನೋದು ಒಂದು, ಮುಂದೆ ಮೆಟ್ರೋ ಬಂದ್ರೆ ಅನುಕೂಲನಾ ಅನ್ನೋದು ಇನ್ನೊಂದು. ನಾನು ಎರಡನೇದಕ್ಕೆ ಹೇಳ್ತೀನಿ.

ಮಾದಾವರದಿಂದ ತುಮಕೂರಿಗೆ ಮೆಟ್ರೋ ತರಲು ಕಾರ್ಯಸಾಧ್ಯತೆ ನೋಡ್ತೀವಿ ಅಂತ ಸರ್ಕಾರ ಹೇಳಿದ್ದು 2024ರ ಫೆಬ್ರವರಿ ಬಜೆಟ್ಟಿನಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ ಅಂತ. ಆಮೇಲೆ ಬಂದ ಲೆಕ್ಕ ನೋಡಿದ್ರೆ ಉದ್ದ ಅರವತ್ತು ಕಿಲೋಮೀಟರ್ ಆಸುಪಾಸು, ಸ್ಟೇಷನ್ನು ಇಪ್ಪತ್ತೈದರ ಸುತ್ತಮುತ್ತ, ಖರ್ಚು 20 ಸಾವಿರ ಕೋಟಿಗೂ ಮೇಲೆ. ಮಾಕಳಿ, ನೆಲಮಂಗಲ, ಟಿ. ಬೇಗೂರು, ದಾಬಸ್‌ಪೇಟೆ, ಹಿರೇಹಳ್ಳಿ, ಕ್ಯಾತ್ಸಂದ್ರ, ಬಟವಾಡಿ, ಹಿಂಗೆ ಹೈವೇ ಹಿಡ್ಕೊಂಡು ಶಿರಾಗೇಟ್.

ಈಗ ಹೊತ್ತಿನ ಲೆಕ್ಕ ಹಾಕಿ. ನಮ್ಮ ಮೆಟ್ರೋ ಗಂಟೆಗೆ 80 ಕಿ.ಮೀ. ತನಕ ಓಡುತ್ತೆ ನಿಜ. ನಿಂತು ನಿಂತು ಹೋಗೋದ್ರಿಂದ ಸರಾಸರಿ ಬೀಳೋದು 35ರ ಹತ್ತಿರ. ಹೊರಗಡೆ ಸ್ಟೇಷನ್ ದೂರ ದೂರ ಇರುತ್ತೆ, 40 ಅಂತಲೇ ಇಟ್ಕೊಳ್ಳಿ. ಶಿರಾಗೇಟಿಂದ ಮಾದಾವರಕ್ಕೆ ಒಂದೂವರೆ ಗಂಟೆ ಆಯ್ತು. ಅಲ್ಲಿಂದ ಮೆಜೆಸ್ಟಿಕ್‌ಗೆ ಇನ್ನೂ ಮುಕ್ಕಾಲು ಗಂಟೆ ಹತ್ತಿರ. ಎಕ್ಸ್‌ಪ್ರೆಸ್ ರೈಲು ತುಮಕೂರಿಂದ ಯಶವಂತಪುರಕ್ಕೆ ಒಂದು ಗಂಟೆ ಚಿಲ್ಲರೆಯಲ್ಲಿ ಬರುತ್ತೆ. ಆ ಹಳಿ ಹಾಕಿದ್ದು 1884ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಆಮೇಲೆ ಬ್ರಾಡ್‌ಗೇಜ್ ಆಯ್ತು, ಜೋಡಿ ಹಳಿ ಆಯ್ತು, ಕರೆಂಟೂ ಬಂತು. ಅದರ ಮೇಲೆ ರೈಲು ಜಾಸ್ತಿ ಬಿಡಿ ಅಂತ ಕೇಳೋದು ಬಿಟ್ಟು, ಪಕ್ಕದಲ್ಲಿ ಕಂಬ ನೆಟ್ಟು ಅದಕ್ಕಿಂತ ನಿಧಾನವಾದದ್ದನ್ನ ಕಟ್ತೀವಿ ಅಂತೀವಿ.

ಎಸ್‌ಐಟಿ ಹಳೇ ಬ್ಯಾಚ್
ಹಳಿ ಹುಚ್ಚ ಅವರೇ, ಎಲ್ಲರೂ ಶಿರಾಗೇಟಲ್ಲಿ ಹತ್ತಿ ಮೆಜೆಸ್ಟಿಕ್ಕಲ್ಲೇ ಇಳೀತಾರೆ ಅಂತ ಲೆಕ್ಕ ಹಾಕಿದ್ದೀರಿ. ಅದೇ ಎಡವಟ್ಟು. ದಾಬಸ್‌ಪೇಟೆಯ ಸೋಂಪುರ ಕೈಗಾರಿಕಾ ಪ್ರದೇಶಕ್ಕೆ ತುಮಕೂರಿಂದ ಹೋಗೋರು ಎಷ್ಟು ಜನ? ನೆಲಮಂಗಲದಿಂದ ಪೀಣ್ಯಕ್ಕೆ ಹೋಗೋರು ಎಷ್ಟು? ಹಿರೇಹಳ್ಳಿ ಫ್ಯಾಕ್ಟರಿಗಳಿಗೆ? ಅವರಿಗೆಲ್ಲ ಎಕ್ಸ್‌ಪ್ರೆಸ್ ರೈಲು ನಿಲ್ಲಲ್ಲ. ದೊಡ್ಡಬೆಲೆ, ಮುದ್ದಲಿಂಗನಹಳ್ಳಿ, ನಿಡವಂದ ಅಂತ ರೈಲ್ವೆ ಸ್ಟೇಷನ್ನುಗಳೇನೋ ಇವೆ, ಅಲ್ಲಿಂದ ಕೆಲಸದ ಜಾಗಕ್ಕೆ ಹೋಗೋದು ಹೆಂಗೆ? ಮೆಟ್ರೋ ಹೈವೇ ಮೇಲೇ ಬರುತ್ತೆ, ಫ್ಯಾಕ್ಟರಿಗಳೂ ಹೈವೇ ಮೇಲಿವೆ.

ಇನ್ನೊಂದು ಮಾತು. ವಸಂತನರಸಾಪುರ ಕೈಗಾರಿಕಾ ಪ್ರದೇಶ ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿದೆ, ಬಿದರೆಹಳ್ಳ ಕಾವಲಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲೇ ಉದ್ಘಾಟನೆ ಆಗಿದೆ. ಊರು ಬೆಳೀತಿದೆ. ಬೆಂಗಳೂರಿನೋರು ನಮ್ಮಲ್ಲಿಗೆ ಕೆಲಸಕ್ಕೆ ಬರೋ ಕಾಲವೂ ಬರುತ್ತೆ.

ಗುಬ್ಬಿಗೇಟ್ ಗುರು
ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗೋರು ಹೆಲಿಕಾಪ್ಟರಲ್ಲೇ ಹೋಗ್ಲಿ ಬಿಡಿ ಸಾರ್.

ಹಳಿ ಹುಚ್ಚ
@ಎಸ್‌ಐಟಿ ಹಳೇ ಬ್ಯಾಚ್, ಎಚ್‌ಎಎಲ್ ಕಾರ್ಖಾನೆ ಗುಬ್ಬಿ ತಾಲ್ಲೂಕಿನಲ್ಲಿದೆ. ವಸಂತನರಸಾಪುರ ಶಿರಾಗೇಟ್ ದಾಟಿ ಇನ್ನೂ ಮುಂದೆ. ಎರಡಕ್ಕೂ ಈ ಮೆಟ್ರೋ ಹೋಗಲ್ಲ. ಹೈವೇ ಪಕ್ಕದ ಫ್ಯಾಕ್ಟರಿಗೆ ಹೋಗೋರಿಗೆ ಬೇಕಾಗಿರೋದು ಹತ್ತು ನಿಮಿಷಕ್ಕೊಂದು ಬಸ್ಸು. ಅದಕ್ಕೆ ಕಿಲೋಮೀಟರಿಗೆ ಮುನ್ನೂರು ಕೋಟಿ ಬೇಕಾಗಿಲ್ಲ.

ಎಸ್‌ಐಟಿ ಹಳೇ ಬ್ಯಾಚ್
ಬೆಂಗಳೂರಿಗೆ ಬಂದಾಗ ಯಾರೂ ಬಸ್ಸು ಸಾಕು ಅನ್ನಲಿಲ್ಲ. ತುಮಕೂರಿಗೆ ಅಂದ ತಕ್ಷಣ ಎಲ್ಲರಿಗೂ ಖರ್ಚಿನ ಲೆಕ್ಕ ನೆನಪಾಗುತ್ತೆ. ನಮ್ಮೂರಿನೋರೇ ಹಿಂಗಂದ್ರೆ ಹೆಂಗೆ?

ನೆಲಮಂಗಲದ ಸೊಸೆ
ತವರು ತುಮಕೂರು ಎಸ್.ಎಸ್. ಪುರಂ, ಈಗ ಇರೋದು ನೆಲಮಂಗಲ. ನಾನು ಮಾದಾವರದಿಂದ ರಾಜಾಜಿನಗರಕ್ಕೆ ಮೆಟ್ರೋದಲ್ಲೇ ಓಡಾಡೋದು, ಹಾಗಾಗಿ ಸ್ವಲ್ಪ ಹೇಳಬಹುದು ಅನ್ಕೊಳ್ತೀನಿ.

ಸ್ಟೇಷನ್ ಒಳಗೆ ಬೇರೆ ಮಾತೇ ಇಲ್ಲ. ಸ್ವಚ್ಛ, ಲಿಫ್ಟು, ಎಸ್ಕಲೇಟರು, ಕೊನೇ ಸ್ಟೇಷನ್ ಆದ್ದರಿಂದ ಬೆಳಗ್ಗೆ ಸೀಟು ಗ್ಯಾರಂಟಿ. ನಾಗಸಂದ್ರಕ್ಕೆ ಬರೋ ಹೊತ್ತಿಗೆ ಅರ್ಧ ತುಂಬಿರುತ್ತೆ, ಜಾಲಹಳ್ಳಿ ಆಮೇಲೆ ನಿಲ್ಲೋಕೂ ಜಾಗ ಇರಲ್ಲ. ಸೋಮವಾರ ಬೆಳಗಿನ ಜಾವ 4:15ಕ್ಕೇ ಮೊದಲ ರೈಲು ಬಿಡ್ತಾರೆ, ಊರಿಗೆ ಹೋಗಿ ವಾಪಸ್ ಬರೋರಿಗೆ ಅದು ಅನುಕೂಲ.

ಕಷ್ಟ ಇರೋದು ಮೆಟ್ಟಿಲು ಇಳಿದ ಮೇಲೆ. ಒಂದು ಕಡೆ ವಸ್ತುಪ್ರದರ್ಶನ ಕೇಂದ್ರ, ಅದರ ಕಾಂಪೌಂಡು ಉದ್ದಕ್ಕೂ ಹೋಗುತ್ತೆ. ದೊಡ್ಡ ಎಕ್ಸ್‌ಪೋ ಇದ್ದ ದಿನ ಕೋಟು ಟೈ ಹಾಕ್ಕೊಂಡ ಜನ ತುಂಬಿರ್ತಾರೆ, ಇಲ್ಲದ ದಿನ ಬಿಕೋ ಅನ್ನುತ್ತೆ. ಇನ್ನೊಂದು ಕಡೆ ಹೈವೇ, ಲಾರಿ ಸಾಲು. ರಾತ್ರಿ ಒಂಬತ್ತರ ಮೇಲೆ ಇಳಿದು ಆಟೋಗೆ ಕಾಯೋದಕ್ಕೆ ನನಗೆ ಧೈರ್ಯ ಸಾಲಲ್ಲ, ಮನೆಯವರೇ ಬಂದು ಕರ್ಕೊಂಡು ಹೋಗ್ತಾರೆ. ಶೇರ್ ಆಟೋದವರು ಜನ ತುಂಬೋ ತನಕ ಹೊರಡಲ್ಲ, ತುಂಬಿದ ಮೇಲೆ ಇನ್ನಿಬ್ಬರನ್ನ ಹತ್ತಿಸ್ಕೊಳ್ತಾರೆ. ಸುತ್ತ ಒಂದು ಕಾಫಿ ಅಂಗಡಿ, ಬೆಳಕು, ಮುಖ್ಯವಾಗಿ ಬಸ್ಸು ಬಂದು ನಿಲ್ಲೋ ಜಾಗ, ಇಷ್ಟಾದ್ರೆ ಆ ಸ್ಟೇಷನ್ನಿನ ಕಥೆಯೇ ಬೇರೆ. ಇಷ್ಟು ಖರ್ಚು ಮಾಡಿ ಸ್ಟೇಷನ್ ಕಟ್ಟಿ, ಬಸ್ಸಿಗೆ ಜಾಗ ಮಾಡದೇ ಇರೋದು ಎಲೆ ಹಾಕಿ ಅನ್ನ ಬಡಿಸದ ಹಾಗೆ.

ಬಟವಾಡಿ ಬಾಯ್
ಅಕ್ಕಾ, ನೆಲಮಂಗಲದಿಂದ ಮಾದಾವರಕ್ಕೆ ನೀವು ಹೆಂಗೆ ಬರ್ತೀರಿ? ನಾನು ತುಮಕೂರು ಬಸ್ಸಲ್ಲಿ ನೆಲಮಂಗಲಕ್ಕೆ ಇಳಿದು ಅಲ್ಲಿಂದ ಸಿಟಿ ಬಸ್ ಹಿಡಿದ್ರೆ?

ನೆಲಮಂಗಲದ ಸೊಸೆ
ಬೆಳಗ್ಗೆ ಬಿಎಂಟಿಸಿ 258 ನಂಬರಿನ ಬಸ್ಸುಗಳು ಸಿಗ್ತಾವೆ, ಸಾಮಾನ್ಯವಾಗಿ ಅದರಲ್ಲೇ ಬರ್ತೀನಿ. ಹತ್ತೋವಾಗ ಮಾದಾವರದಲ್ಲಿ ನಿಲ್ಲಿಸ್ತಾರಾ ಅಂತ ಕೇಳ್ಕೊಂಡು ಹತ್ತಿ. ಆದ್ರೆ ನೀವು ತುಮಕೂರಿಂದ ಬರೋ ಬಸ್ಸು ನೆಲಮಂಗಲ ಊರೊಳಗೆ ಬರಬೇಕಲ್ಲ? ನಾನ್‌ಸ್ಟಾಪ್ ಹತ್ತಿದ್ರೆ ಮೇಲಿಂದಲೇ ಹೋಗಿಬಿಡುತ್ತೆ. ಮೂರು ಕಡೆ ಹತ್ತಿ ಇಳಿಯೋ ಬದಲು ಸೀಸನ್ ಪಾಸ್ ಅಣ್ಣ ಹೇಳಿದ ದಾರಿಯೇ ವಾಸಿ.

ಇನ್ನೊಂದು. ನೀವು ಗಂಡಸರು ಯಾರೂ ಎತ್ತದ ಮಾತು ಹೇಳ್ತೀನಿ. 2023ರ ಜೂನಿಂದ ಶಕ್ತಿ ಯೋಜನೆ ಬಂದ ಮೇಲೆ ತುಮಕೂರಿಂದ ಮೆಜೆಸ್ಟಿಕ್‌ಗೆ ಸಾಮಾನ್ಯ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಗಾರ್ಮೆಂಟ್ಸಿಗೆ ಹೋಗೋರು, ಮನೆ ಕೆಲಸಕ್ಕೆ ಹೋಗೋರು ಅರ್ಧ ದಾರೀಲಿ ಇಳಿದು ಮೆಟ್ರೋಗೆ 60-70 ರೂಪಾಯಿ ಯಾಕೆ ಕೊಡ್ತಾರೆ? ಅವರಿಗೆ ಜಾಮ್ ಆದ್ರೂ ಬಸ್ಸೇ.

ಅಮಾನಿಕೆರೆ ವಾಕರ್
ಇದು ಸರಿಯಾದ ಮಾತು. 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ನಮ್ಮ ಪಕ್ಕದ ಮನೆಯವರು ಮೆಟ್ರೋ ಬಿಟ್ಟು ಮತ್ತೆ ಬಸ್ಸಿಗೆ ಬಂದ್ರು. ಗರಿಷ್ಠ 60 ಇದ್ದದ್ದು 90 ಆಯ್ತು. ಸ್ಮಾರ್ಟ್ ಕಾರ್ಡಿಗೆ ಐದು ಪರ್ಸೆಂಟ್ ಬಿಡ್ತಾರೆ, ದೊಡ್ಡ ಮನಸ್ಸು.

ಶಿರಾಗೇಟ್ ಶಿವ
25 ಕಿಲೋಮೀಟರ್ ದಾಟಿದ್ರೆ ಎಷ್ಟು ದೂರ ಹೋದ್ರೂ 90 ರೂಪಾಯಿನೇ ತಾನೇ. ಹಂಗಾದ್ರೆ ಶಿರಾಗೇಟಿಂದ ಹಸಿರು ಮಾರ್ಗದ ಆ ಕಡೆ ಕೊನೇ ಸ್ಟೇಷನ್ ರೇಷ್ಮೆ ಸಂಸ್ಥೆ ತನಕ 90ಕ್ಕೆ ಹೋಗಬಹುದು! ಬೇಗ ಕಟ್ರಪ್ಪಾ!

ಹಳಿ ಹುಚ್ಚ
ಖಾಸಗಿಯವರು ದುಡ್ಡು ಹಾಕಿ ಕಟ್ಟಿದ ಮೇಲೆ 90ಕ್ಕೆ ತೊಂಬತ್ತು ಕಿಲೋಮೀಟರ್ ಕರ್ಕೊಂಡು ಹೋಗ್ತಾರಾ ಶಿವಣ್ಣ?

ಹಳೇ ಬಸ್‌ಸ್ಟ್ಯಾಂಡ್
ಮಾದಾವರದಲ್ಲಿ ಬಸ್ ನಿಲ್ಲಿಸಿ ಅಂತ ಕೇಳೋ ಹುಡುಗರಿಗೆ ಒಂದು ಹಳೇ ಕಥೆ ಹೇಳಬೇಕು. ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಅಂತ ಒಂದಿದೆ. ಈಗಿನವರಿಗೆ ಗೊತ್ತಿದೆಯೋ ಇಲ್ಲವೋ. 2014ರಲ್ಲಿ ಶುರು ಮಾಡಿದ್ರು, ಹತ್ತಿರ ಹತ್ತಿರ 40 ಕೋಟಿ ಖರ್ಚು. ಉದ್ದೇಶ ಇದೇ: ಈ ಕಡೆ ಜಿಲ್ಲೆಗಳ ಬಸ್ಸುಗಳು ಮೆಜೆಸ್ಟಿಕ್ಕಿಗೆ ಬರೋದು ಬೇಡ, ಪೀಣ್ಯದಲ್ಲೇ ನಿಲ್ಲಲಿ, ಜನ ಅಲ್ಲಿಂದ ಸಿಟಿ ಬಸ್ಸೋ ಮೆಟ್ರೋನೋ ಹಿಡೀಲಿ. ಅದೇ ವರ್ಷ ಮಾರ್ಚಿನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಗೆ ಮೆಟ್ರೋನೂ ಬಂದಿತ್ತು. ಎಲ್ಲಾ ಕೂಡಿ ಬರಬೇಕಾಗಿತ್ತು.

ಏನಾಯ್ತು? ಬಸ್ ನಿಲ್ದಾಣ ಒಂದು ಕಡೆ, ಮೆಟ್ರೋ ಸ್ಟೇಷನ್ ಇನ್ನೊಂದು ಕಡೆ. ಲಗೇಜು, ಮಕ್ಕಳು, ವಯಸ್ಸಾದ ತಾಯಿ, ಇವರನ್ನೆಲ್ಲ ಕಟ್ಕೊಂಡು ಮಧ್ಯೆ ಆಟೋ ಮಾಡ್ಕೊಂಡು ಹೋಗೋದು ಯಾರಿಗೆ ಬೇಕು? ಜನ ಬೈದ್ರು. ಬಸ್ಸುಗಳು ಮತ್ತೆ ಮೆಜೆಸ್ಟಿಕ್ಕಿಗೇ ಹೋದ್ವು. ಕಟ್ಟಡ ಹಂಗೇ ಉಳೀತು. ಬಲವಂತವಾಗಿ ಇಳಿಸಿದ್ರೆ ಜನ ಇಳಿಯಲ್ಲ. ಇಳಿದ ಜಾಗದಲ್ಲೇ ಮುಂದಿನ ಗಾಡಿ ಸಿಕ್ಕಿದ್ರೆ ಮಾತ್ರ ಇಳೀತಾರೆ.

ಮಾದಾವರ ಮೆಟ್ರೋ ಕಥೆಯೂ ಅಷ್ಟೇ. ಮೂರು ಚಿಲ್ಲರೆ ಕಿಲೋಮೀಟರ್, ಮೂರೇ ಸ್ಟೇಷನ್ನು: ಮಂಜುನಾಥನಗರ, ಚಿಕ್ಕಬಿದರಕಲ್ಲು, ಮಾದಾವರ. ಕೆಲಸ ಶುರುವಾಗಿದ್ದು 2017ರಲ್ಲಿ, ರೈಲು ಓಡಿದ್ದು 2024ರ ಕೊನೆಗೆ. ನೈಸ್ ರಸ್ತೆ ದಾಟೋ ಕಡೆ ಜಾಗದ ತಕರಾರು ಅದೂ ಇದೂ. ಮೂರು ಕಿಲೋಮೀಟರಿಗೆ ಏಳು ವರ್ಷ ಆದ್ರೆ ಅರವತ್ತಕ್ಕೆ ಎಷ್ಟು ಅಂತ ಮೂರನೇ ಕ್ಲಾಸಿನ ಮಗು ಕೇಳಿದ್ರೂ ಹೇಳುತ್ತೆ.

ಗುಬ್ಬಿಗೇಟ್ ಗುರು
ನೂರಾ ನಲವತ್ತು ವರ್ಷ. ಅಲ್ಲಿಗೆ 1884ರಿಂದ ಇಲ್ಲೀವರೆಗೂ ಆಗಿರೋಷ್ಟೇ ಇನ್ನೊಂದ್ ಸಲ 😂

ಎಸ್‌ಐಟಿ ಹಳೇ ಬ್ಯಾಚ್
ಹಂಗೆ ಗುಣಾಕಾರ ಮಾಡಿದ್ರೆ ಜಗತ್ತಲ್ಲಿ ಯಾವುದೂ ಕಟ್ಟಕ್ಕಾಗಲ್ಲ. ತಕರಾರು ಇದ್ದದ್ದು ಒಂದು ತುಂಡಿಗೆ, ಉಳಿದ ಕೆಲಸ ಯಾವತ್ತೋ ಆಗಿತ್ತು. ಜಾಗ ಬೇಗ ಕೊಟ್ರೆ ಕಂಬ ಬೇಗ ಏಳುತ್ತೆ.

ಸೋಂಪುರ ಹೋಬಳಿ
"ಜಾಗ ಬೇಗ ಕೊಟ್ರೆ." ಹೇಳೋದು ಸುಲಭ ಸಾರ್. ಕೊಡೋರು ಯಾರು? ನಮ್ಮ ಕಡೆ ಕೈಗಾರಿಕೆಗೆ ಅಂತ ಹೋಯ್ತು, ಹೈವೇ ಅಗಲ ಮಾಡೋಕೆ ಅಂತ ಹೋಯ್ತು. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಹೋಗೋ ವರ್ತುಲ ರಸ್ತೆಗೂ ನಮ್ಮ ಕಡೆಯೋರ ಜಮೀನೇ ಹೋಯ್ತು. ಮೆಟ್ರೋ ಅಂತ ಪೇಪರಲ್ಲಿ ಬಂದ ವಾರದಿಂದ ನಮ್ಮೂರಿಗೆ ಕಾರುಗಳು ಬರ್ತಾ ಇವೆ. ಇಳಿದು "ಈ ಸರ್ವೆ ನಂಬರ್ ಯಾರದು" ಅಂತ ಕೇಳ್ತಾರೆ. ಸ್ಟೇಷನ್ ಎಲ್ಲಿ ಬರುತ್ತೆ ಅಂತ ಸರ್ಕಾರಕ್ಕೇ ಇನ್ನೂ ಪಕ್ಕಾ ಇಲ್ಲ, ಬ್ರೋಕರಿಗೆ ಪಿಲ್ಲರ್ ನಂಬರೂ ಗೊತ್ತು.

ಸೈಟ್ ಸೈಟ್ ಸೈಟ್
ಮಾನ್ಯರೇ, ಉದ್ದೇಶಿತ ಮೆಟ್ರೋ ನಿಲ್ದಾಣದಿಂದ ಕೇವಲ 5 ನಿಮಿಷ! 30x40, 30x50 ಸೈಟುಗಳು. ಇ-ಖಾತಾ, ಬ್ಯಾಂಕ್ ಸಾಲ ಸೌಲಭ್ಯ. ಆಸಕ್ತರು ಒಳಗೆ ಮೆಸೇಜ್ ಮಾಡಿ.

ಸೋಂಪುರ ಹೋಬಳಿ
ನೋಡಿ, ಮಾತಾಡ್ತಿದ್ದಂಗೇ ಬಂದ.

ನಿರ್ವಾಹಕ
ಜಾಹೀರಾತು ಹಾಕೋ ಹಾಗಿಲ್ಲ. ಸೈಟ್ ಅವರೇ, ಇನ್ನೊಂದ್ಸಲ ಹಾಕಿದ್ರೆ ಹೊರಗೆ. ಈ ಒಂದನ್ನ ಅಳಿಸದೆ ಬಿಟ್ಟಿದ್ದೀನಿ, ಸಾಕ್ಷಿಗೆ ಇರಲಿ ಅಂತ.

ತಟ್ಟೆಇಡ್ಲಿ
ಕ್ಯಾತ್ಸಂದ್ರದಲ್ಲಿ ಮೆಟ್ರೋ ಸ್ಟೇಷನ್ ಬಂದ್ರೆ ನಾನು ಪರ. ಬೆಂಗಳೂರಿನೋರು ಭಾನುವಾರ ಬೆಳಗ್ಗೆ ತಟ್ಟೆ ಇಡ್ಲಿಗೆ ಕಾರಲ್ಲಿ ಬಂದು ರಸ್ತೆ ಪೂರ್ತಿ ಅಡ್ಡ ನಿಲ್ಲಿಸ್ತಾರೆ. ಮೆಟ್ರೋದಲ್ಲಿ ಬಂದು ತಿಂದು ಮಠ ನೋಡ್ಕೊಂಡು ಹೋಗ್ಲಿ.

ಸೀಸನ್ ಪಾಸ್
ಕ್ಯಾತ್ಸಂದ್ರದಲ್ಲಿ ರೈಲ್ವೆ ಸ್ಟೇಷನ್ನೇ ಇದೆ ಕಣಯ್ಯ. ಪ್ಯಾಸೆಂಜರಲ್ಲಿ ಬಂದಿಳಿದ್ರೆ ಇಡ್ಲಿ ಆರೋದರೊಳಗೆ ಹೋಟ್ಲಲ್ಲಿರಬಹುದು.

ತಟ್ಟೆಇಡ್ಲಿ
ಬೆಂಗಳೂರಿನೋರು ಪ್ಯಾಸೆಂಜರ್ ರೈಲು ಹತ್ತೋದು ನೀವು ನೋಡಿದ್ದೀರಾ?

ಅಮಾನಿಕೆರೆ ವಾಕರ್
ಇಡ್ಲಿ ಜೊತೆ ಈಗ ಕೆಂಪು ಚಟ್ನಿ ಕಮ್ಮಿ ಮಾಡಿದ್ದಾರೆ, ಅದನ್ನ ಯಾರೂ ಕೇಳಲ್ಲ.

ನಿರ್ವಾಹಕ
ಇಡ್ಲಿಗೆ ಬೇರೆ ಚರ್ಚೆ ತೆರೀರಿ.

ಶಿರಾಗೇಟ್ ಶಿವ
ಬಟವಾಡಿ ಬಾಯ್‌ಗೆ ಯಾರೂ ಬೈಕಿನ ವಿಷಯ ಹೇಳಲಿಲ್ಲ. ನಾನು ಸ್ವಲ್ಪ ಕಾಲ ಹಂಗೆ ಮಾಡಿದೆ, ಮನೆಯಿಂದ ನಾಗಸಂದ್ರದ ತನಕ ಬೈಕು, ಅಲ್ಲಿ ಪಾರ್ಕಿಂಗ್, ಮುಂದಕ್ಕೆ ಮೆಟ್ರೋ. ಬೈಕಿಗೆ ಟೋಲ್ ಇಲ್ಲ, ಅದೊಂದು ಸಮಾಧಾನ. ಆದ್ರೆ ನೆಲಮಂಗಲ-ತುಮಕೂರು ಮಧ್ಯೆ ಆರು ಪಥದ ಕೆಲಸ ಅಂತ ಅಲ್ಲಲ್ಲಿ ಅಗೆದು, ತಿರುವು ಕೊಟ್ಟು, ರಾತ್ರಿ ಹೊತ್ತು ಲಾರಿ ಲೈಟಿಗೆ ಕಣ್ಣೇ ಕಾಣಲ್ಲ. ಮನೇಲಿ ಹೆದರ್ಕೊಂಡ್ರು, ಬಿಟ್ಟೆ. ಮಳೆಗಾಲದಲ್ಲಂತೂ ಬೇಡವೇ ಬೇಡ ತಮ್ಮಾ.

ಪೀಣ್ಯ ಫ್ಲೈಓವರ್ ಮುಚ್ಚಿದ್ದ ಕಾಲ ಯಾರಿಗಾದ್ರೂ ನೆನಪಿದೆಯಾ? ಆಗ ಮಾದಾವರ ಸ್ಟೇಷನ್ ಇದ್ದಿದ್ರೆ ಪೂಜೆ ಮಾಡ್ತಿದ್ವಿ.

ಹಳೇ ಬಸ್‌ಸ್ಟ್ಯಾಂಡ್
ಮರೆಯೋ ಮಾತೇ? 2021ರ ಡಿಸೆಂಬರ್ 25ಕ್ಕೆ ಮುಚ್ಚಿದ್ದು. 102, 103ನೇ ಪಿಲ್ಲರ್ ಮಧ್ಯೆ ಕೇಬಲ್ ಕೆಟ್ಟಿದೆ ಅಂತ. 2022ರ ಫೆಬ್ರವರಿಯಲ್ಲಿ ಕಾರು ಬೈಕಿಗೆ ಬಿಟ್ರು. ಬಸ್ಸು ಲಾರಿ ಹೋಗೋಕೆ 2024ರ ಜುಲೈ ಕೊನೆ ಬೇಕಾಯ್ತು. ಎರಡೂವರೆ ವರ್ಷ! ಆ ಎರಡೂವರೆ ವರ್ಷವೂ ತುಮಕೂರು ಬಸ್ಸು ಕೆಳಗಡೆ ಎಸ್‌ಆರ್‌ಎಸ್, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ ಅಂತ ತೆವಳ್ಕೊಂಡು ಹೋಗೋದು. ಮೆಟ್ರೋ ಬೇಕು ಅಂತ ಊರವರಿಗೆ ತಲೆಗೆ ಹತ್ತಿದ್ದು ಆಗಲೇ. ಒಂದು ಸೇತುವೆ ಕೆಟ್ಟರೆ ಬೇರೆ ದಾರಿಯೇ ಇಲ್ಲವಲ್ಲ ಅನ್ನೋ ಭಯ.

ಎಸ್‌ಐಟಿ ಹಳೇ ಬ್ಯಾಚ್
ಅದೇ ನಾನು ಹೇಳ್ತಿರೋದು! ಇನ್ನೊಂದು ದಾರಿ ಬೇಕು.

ಹಳಿ ಹುಚ್ಚ
ಇನ್ನೊಂದು ದಾರಿ ಇದೆ, ಅದರ ಹೆಸರು ರೈಲು. ಆ ಎರಡೂವರೆ ವರ್ಷ ಒಂದಿನವೂ ಫ್ಲೈಓವರ್ ದೆಸೆಯಿಂದ ರೈಲು ನಿಲ್ಲಲಿಲ್ಲ.

ಕೋಟೆ ಬೀದಿ
ಒಂದು ಅನುಮಾನ. ಮೆಟ್ರೋ ರೈಲನ್ನೇ ನಮ್ಮ ರೈಲ್ವೆ ಹಳಿ ಮೇಲೆ ತುಮಕೂರಿಗೆ ಬಿಟ್ರೆ ಆಗಲ್ವಾ? ಯಶವಂತಪುರದಲ್ಲಿ ಒಂದು ಕನೆಕ್ಷನ್ ಕೊಟ್ರೆ ಮುಗೀತಲ್ಲ. ಹೊಸ ಕಂಬನೇ ಬೇಡ.

ಹಳಿ ಹುಚ್ಚ
ಆಗಲ್ಲ ಸರ್. ನಮ್ಮ ಮೆಟ್ರೋ ಹಳಿ ಅಗಲ 1435 ಮಿ.ಮೀ., ರೈಲ್ವೆಯದು 1676. ಕರೆಂಟೂ ಬೇರೆ. ಮೆಟ್ರೋಗೆ ಪಕ್ಕದಲ್ಲಿ ಮೂರನೇ ಹಳಿ ಇರುತ್ತೆ, ಅದರಲ್ಲಿ 750 ವೋಲ್ಟ್ ಡಿ.ಸಿ. ರೈಲ್ವೆಗೆ ತಲೆ ಮೇಲೆ ತಂತಿ, 25 ಸಾವಿರ ವೋಲ್ಟ್ ಎ.ಸಿ. ಆ ಮೂರನೇ ಹಳಿಯಿಂದಾಗಿಯೇ ಮೆಟ್ರೋ ಲೈನಿಗೆ ಯಾರೂ ಇಳಿಯೋ ಹಾಗಿಲ್ಲ. ನಮ್ಮ ಲೈನಲ್ಲಿ ಜನ ದಾಟ್ತಾರೆ, ಎಮ್ಮೆ ದಾಟುತ್ತೆ.

ನಿಮ್ಮ ಆಸೆಗೆ ಹತ್ತಿರ ಇರೋದು ಬೆಂಗಳೂರು ಉಪನಗರ ರೈಲು. ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ.: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2022ರ ಜೂನಿನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ರು. ಅದರಲ್ಲಿ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ, 25 ಕಿ.ಮೀ. ಚಿಕ್ಕಬಾಣಾವರ ಅಂದ್ರೆ ನಮ್ಮ ತುಮಕೂರು ಲೈನೇ. ಅದು ಬ್ರಾಡ್‌ಗೇಜು, ರೈಲ್ವೆ ಜಾಗದ ಪಕ್ಕದಲ್ಲೇ ಬರೋದು. ಅದನ್ನ ಸೋಲದೇವನಹಳ್ಳಿ, ಗೊಲ್ಲಹಳ್ಳಿ ದಾಟಿಸಿ ತುಮಕೂರಿಗೆ ಎಳೀರಿ ಅಂತ ಕೇಳಿದ್ರೆ ಅದಕ್ಕೊಂದು ಅರ್ಥ ಇದೆ.

ದೂರದ ಊರಿಗೇ ಅಂತ ಮಾಡಿದ್ದು ನೋಡಬೇಕಾದ್ರೆ ದೆಹಲಿ-ಮೀರತ್ ನಮೋ ಭಾರತ್ ನೋಡಿ. 82 ಕಿ.ಮೀ. ಮಾರ್ಗ, ಹೆಚ್ಚುಕಮ್ಮಿ ನಮ್ಮಷ್ಟೇ ದೂರ. ಗಂಟೆಗೆ 160 ಕಿ.ಮೀ. ಓಡುತ್ತೆ. ಮೊದಲ ತುಂಡು 2023ರ ಅಕ್ಟೋಬರಿನಲ್ಲಿ ಶುರುವಾಯ್ತು. 20 ಸಾವಿರ ಕೋಟಿ ಖರ್ಚು ಮಾಡಲೇಬೇಕು ಅಂದ್ರೆ ಅಂಥದ್ದು ಕೇಳ್ರಪ್ಪ.

ಎಸ್‌ಐಟಿ ಹಳೇ ಬ್ಯಾಚ್
ಚಿಕ್ಕಬಾಣಾವರದ ಮಲ್ಲಿಗೆ ಇನ್ನೂ ಮೊಗ್ಗೇ ಬಿಟ್ಟಿಲ್ಲ, ಅದನ್ನ ತುಮಕೂರಿಗೆ ಎಳೀತೀರಾ? ಮೆಟ್ರೋ ಏಳು ವರ್ಷ ತಗೊಂಡ್ರೆ ನಗ್ತೀರಿ. ಉಪನಗರ ರೈಲಿನ ಮಾತು ಎಷ್ಟು ದಶಕದಿಂದ ಕೇಳ್ತಿದೀವಿ?

ಗುಬ್ಬಿಗೇಟ್ ಗುರು
ಈ ಏಟು ಮಾತ್ರ ಸರಿಯಾಗಿ ಬಿತ್ತು.

ಹಳಿ ಹುಚ್ಚ
ಬೀಳಲಿ. ಆದ್ರೆ ತುಮಕೂರಿಂದ ಯಶವಂತಪುರಕ್ಕೆ ಮೆಮು, ಅಂದ್ರೆ ಕರೆಂಟಿನ ಲೋಕಲ್ ರೈಲು ಬಿಡೋಕೆ ಯಾವ ಕಂಬವೂ ಬೇಕಾಗಲಿಲ್ಲ ಅಲ್ವಾ? ಬಿಡಬೇಕು ಅನ್ನೋ ಮನಸ್ಸು ಬಂತು, ಬಿಟ್ರು. ಬೆಳಗ್ಗೆ ಸಂಜೆ ಅಂಥವು ಇನ್ನೊಂದೆರಡು ಜಾಸ್ತಿ ಕೇಳೋದು ಕಷ್ಟದ ಕೆಲಸನಾ?

ಕೋಟೆ ಬೀದಿ
ಊರೊಳಗೆ ಲೈಟ್ ರೈಲ್ ಮಾಡಿದ್ರೆ? ಮನಿಲಾದಲ್ಲಿ 1984ರಿಂದ ಓಡ್ತಿದೆ ಅಂತೆ. ಬಟವಾಡಿಯಿಂದ ಬಿ.ಎಚ್. ರಸ್ತೆ ಮೇಲೆ ಭದ್ರಮ್ಮ ಸರ್ಕಲ್, ಟೌನ್‌ಹಾಲ್, ಗುಬ್ಬಿಗೇಟ್.

ಅಮಾನಿಕೆರೆ ವಾಕರ್
2011ರ ಜನಗಣತಿಯಲ್ಲಿ ನಮ್ಮೂರ ಜನಸಂಖ್ಯೆ ಮೂರು ಲಕ್ಷ ಸ್ವಾಮಿ, ಮನಿಲಾದ ಮಾತು ಯಾಕೆ. ಸ್ಮಾರ್ಟ್ ಸಿಟಿ ಅಂತ ಬಿ.ಎಚ್. ರಸ್ತೆ ಅಗೆದಾಗ ತಿಂದ ಧೂಳು ಇನ್ನೂ ಎದೇಲಿದೆ. ಮತ್ತೆ ಅಗೆಯೋದು ಬೇಡ. ಮೊದಲು ಫುಟ್‌ಪಾತ್ ಮೇಲೆ ನಡೆಯೋಕೆ ಬಿಡಿ.

ಬಟವಾಡಿ ಬಾಯ್
ಇಷ್ಟು ಜನ ಬರೆದಿದ್ದಕ್ಕೆ ಥ್ಯಾಂಕ್ಸ್. ಈ ವಾರ ರೈಲು ನೋಡ್ತೀನಿ. ಆದ್ರೆ ನನಗೆ ಇನ್ನೂ ತಿಳೀತಿಲ್ಲ. ಅರವತ್ತು ಕಿಲೋಮೀಟರ್ ಮೆಟ್ರೋಗೆ ಇಷ್ಟು ಜಗಳ ಆಡ್ತಿದೀವಿ, ಮಾದಾವರದಲ್ಲಿ ತುಮಕೂರು ಬಸ್ಸಿಗೆ ಒಂದು ಸ್ಟಾಪ್ ಕೊಡಿ ಅಂತ ಯಾರಾದ್ರೂ ಅರ್ಜಿ ಬರೆದಿದ್ದೀರಾ?

ಸೀಸನ್ ಪಾಸ್
ಇಲ್ಲ. ನಾನು ರೈಲಿನವನು.

ಶಿರಾಗೇಟ್ ಶಿವ
ಬರೆದಿಲ್ಲ ಗುರು.

ನೆಲಮಂಗಲದ ಸೊಸೆ
ಬರೀಬೇಕಾದ್ರೆ ಹಿಂಗೆ ಬರೀರಿ. ಬರೀ "ಸ್ಟಾಪ್ ಕೊಡಿ" ಅಂದ್ರೆ ಡ್ರೈವರ್‌ಗೆ ಸರ್ವೀಸ್ ರೋಡಿಗೆ ಇಳಿದು ಮತ್ತೆ ಹತ್ತೋಕೆ ಟೈಮ್ ಹೋಗುತ್ತೆ, ಮೆಜೆಸ್ಟಿಕ್ಕಿಗೆ ಹೋಗೋ ಉಳಿದೋರು ಬೈತಾರೆ. ಅದರ ಬದಲು ಬೆಳಗ್ಗೆ ಆರರಿಂದ ಒಂಬತ್ತರ ತನಕ, ಸಂಜೆ ಐದರಿಂದ ರಾತ್ರಿ ಹತ್ತರ ತನಕ, ತುಮಕೂರಿಂದ ಮಾದಾವರಕ್ಕೇ ಅಂತ ಬೇರೆ ಬಸ್ಸು ಕೇಳಿ. ಮಾದಾವರದಲ್ಲಿ ತಿರುಗಿಸಿಕೊಂಡು ವಾಪಸ್. ಬೆಂಗಳೂರಿನ ಜಾಮಿಗೆ ಸಿಗದೇ ಇದ್ರೆ ಒಂದೇ ಬಸ್ಸು ಜಾಸ್ತಿ ಸಲ ಓಡಾಡಬಹುದು, ಅವರಿಗೂ ಲಾಭ. ಹೆಂಗಸರಿಗೆ ಅಲ್ಲೀ ತನಕ ಶಕ್ತಿಯಲ್ಲಿ ಫ್ರೀ ಆಗುತ್ತೆ, ಮೆಟ್ರೋಗೆ ದುಡ್ಡು ಕೊಡೋದಾ ಬೇಡವಾ ಅಂತ ಅವರೇ ನೋಡ್ಕೊಳ್ತಾರೆ.

ಹಳೇ ಬಸ್‌ಸ್ಟ್ಯಾಂಡ್
ಪೀಣ್ಯ ಬಸ್ ನಿಲ್ದಾಣದೋರು ಈ ಹೆಣ್ಣುಮಗಳನ್ನ 2014ರಲ್ಲೇ ಕೇಳಬೇಕಿತ್ತು. ಬಲವಂತ ಇಲ್ಲ, ಮೆಜೆಸ್ಟಿಕ್ ಬಸ್ಸೂ ಇರಲಿ, ಮಾದಾವರ ಬಸ್ಸೂ ಇರಲಿ, ಬೇಕಾದೋರು ಬೇಕಾದ್ದು ಹತ್ತಲಿ.

ಎಸ್‌ಐಟಿ ಹಳೇ ಬ್ಯಾಚ್
ಬಸ್ಸಿಗೆ ನನ್ನದೂ ಸಹಿ ಇದೆ. ಆದ್ರೆ ನಾಳೆ "ಬಸ್ ಕೊಟ್ಟಿದ್ದೀವಲ್ಲ, ಮೆಟ್ರೋ ಯಾಕೆ" ಅಂದ್ರೆ ನಾನು ಸುಮ್ಮನಿರಲ್ಲ, ಈಗಲೇ ಹೇಳಿದ್ದೀನಿ.

ಸೋಂಪುರ ಹೋಬಳಿ
ಬಸ್ಸು ನಮ್ಮ ದಾಬಸ್‌ಪೇಟೆ ಒಳಗೆ ಬಂದು ಹೋಗೋ ಹಂಗಿದ್ರೆ ನಮ್ಮ ಕಡೆಯಿಂದಲೂ ಸಹಿ ಹಾಕಿಸ್ತೀನಿ. ಮೇಲಿಂದ ಹೋಗೋ ಬಸ್ಸಿಗೆ ಸಹಿ ಇಲ್ಲ.

ಬಟವಾಡಿ ಬಾಯ್
ಒಳಗೆ ಬಂದ್ರೆ ಹದಿನೈದು ನಿಮಿಷ ಹೋಗುತ್ತಲ್ಲ ಸರ್?

ಸೋಂಪುರ ಹೋಬಳಿ
ಜಮೀನು ಕೊಟ್ಟೋರಿಗೆ ಹದಿನೈದು ನಿಮಿಷ ಕೊಡಕ್ಕಾಗಲ್ವಾ?

ಶಿರಾಗೇಟ್ ಶಿವ
ಎರಡು ಬಸ್ಸಿಗೊಂದು ಒಳಗೆ ಹೋಗ್ಲಿ, ಮುಗೀತು. ಅರ್ಜಿ ಯಾರು ಟೈಪ್ ಮಾಡ್ತೀರಿ? ನನಗೆ ಕನ್ನಡ ಕೀಬೋರ್ಡಲ್ಲಿ ಒತ್ತಕ್ಷರ ಬರಲ್ಲ.